ಕರ್ನಲ್‌ಗೆ ಬೋರ್ಡಿನ ಪರಿಚಯ ಹೇಳುವುದು

ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡಿನಲ್ಲಿ ಹಾರ್ಡ್‌ವೇರ್ ತಯಾರಕರ ಕಿರುಹೆಸರುಗಳ ಉದ್ದನೆಯ ಪಟ್ಟಿಯೊಂದಿದೆ. ಜಗತ್ತಿನ ದೊಡ್ಡ ಚಿಪ್ ಕಂಪನಿಗಳೆಲ್ಲ ಇರುವ ಆ ಪಟ್ಟಿಯಲ್ಲಿ 'ಐವೇವ್' ಎಂಬ ನಮೂದೂ ಸಿಗುತ್ತದೆ. ಇದು ನಮ್ಮ ಬೆಂಗಳೂರಿನ ಬಿಟಿಎಂ ಲೇಔಟ್ ಎರಡನೇ ಹಂತದ ಐವೇವ್ ಸಿಸ್ಟಮ್ಸ್. ಯಂತ್ರಗಳ ಒಳಗೆ ಕೂರುವ ಪುಟ್ಟ ಕಂಪ್ಯೂಟರ್ ಬೋರ್ಡುಗಳನ್ನು ಇವರು 'ರೇನ್‌ಬೋ' ಸರಣಿಯ ಹೆಸರಿನಲ್ಲಿ ತಯಾರಿಸುತ್ತಾರೆ. ಇಂಥ ಬೋರ್ಡೊಂದು ಕರ್ನಲ್‌ಗೆ ತನ್ನ ಪರಿಚಯ ಹೇಳಿಕೊಳ್ಳುವ ವಿಧಾನ ಕಳೆದ ಎರಡು ದಶಕಗಳಲ್ಲಿ ಪೂರ್ತಿ ಬದಲಾಗಿದೆ. ಆ ಬದಲಾವಣೆಯ ಕಷ್ಟಸುಖವನ್ನು ನೋಡಬೇಕಾದರೆ ನೆಟ್‌ವರ್ಕ್ ಭಾಗವನ್ನೇ ನೋಡಬೇಕು.

ಮೇಜಿನ ಮೇಲಿನ ಪಿಸಿಗೆ ಪರಿಚಯ ಹೇಳಿಕೊಳ್ಳುವ ತೊಂದರೆ ಹೆಚ್ಚಿಲ್ಲ. ಪಿಸಿಐ ಬಸ್ಸಿನ ಮೇಲಿರುವ ಕಾರ್ಡನ್ನು ಯಾರೆಂದು ಕೇಳಿದರೆ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎರಡನ್ನೂ ಅದೇ ಒಪ್ಪಿಸುತ್ತದೆ. ಎಂಬೆಡೆಡ್ ಚಿಪ್ಪಿನೊಳಗಿನ ಈಥರ್ನೆಟ್ ಘಟಕ ಹಾಗಲ್ಲ. ಅದು ಯಾವುದೋ ಒಂದು ವಿಳಾಸದಲ್ಲಿ ಸುಮ್ಮನೆ ಕೂತಿರುತ್ತದೆ. ಅದರ ರಿಜಿಸ್ಟರುಗಳು ಎಲ್ಲಿ, ಇಂಟರಪ್ಟ್ ಯಾವುದು, ಗಡಿಯಾರ ಎಲ್ಲಿಂದ, ಯಾವ ಪಿನ್ನುಗಳು ಅದರ ಪಾಲಿಗೆ ಎಂಬುದನ್ನೆಲ್ಲ ಬೇರೆ ಯಾರಾದರೂ ಹೇಳಬೇಕು. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಚಿಪ್ಪಿನೊಳಗಿರುವುದು ಈಥರ್ನೆಟ್ಟಿನ ಅರ್ಧ, ಅಂದರೆ ಮ್ಯಾಕ್. ಕೇಬಲ್ಲಿಗೆ ಸಿಗ್ನಲ್ ಕೊಡುವ ಇನ್ನರ್ಧ 'ಫೈ' ಸಾಮಾನ್ಯವಾಗಿ ಬೇರೆ ಕಂಪನಿಯ ಇನ್ನೊಂದು ಚಿಪ್. ಫೈಯನ್ನು ನಿಯಂತ್ರಿಸಲು ಎಂಡಿಐಒ ಎಂಬ ಎರಡು ತಂತಿಯ ಬಸ್ ಇದ್ದು, ಅದರ ಮೇಲೆ 32 ಫೈಗಳವರೆಗೆ ಇರಬಹುದು. ನಮ್ಮದು ಎಷ್ಟನೆಯದು ಎನ್ನುವುದು ಬೋರ್ಡ್ ಬಿಡಿಸಿದವನಿಗೆ ಗೊತ್ತು.

ಐಐಎಸ್‌ಸಿ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ 2001ರ ಹೊತ್ತಿಗೆ ಬೆಂಗಳೂರಿನಲ್ಲಿ ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುವುದು ಹೊಸ ವಿದ್ಯೆ. ಸ್ಟ್ರಾಂಗ್‌ಆರ್ಮ್ ಕಾಲದ ಆ ಲೋಕದಲ್ಲಿ ಬೋರ್ಡಿನ ವಿವರವೆಲ್ಲ ಸಿ ಭಾಷೆಯ 'ಬೋರ್ಡ್ ಫೈಲ್' ಆಗಿ ಕರ್ನಲ್ಲಿನ ಒಳಗೇ ಇರುತ್ತಿತ್ತು. ಪ್ರತಿ ಬೋರ್ಡಿಗೂ ಒಂದು ನೋಂದಣಿ ಸಂಖ್ಯೆ. ಬೂಟ್‌ಲೋಡರ್ ಆ ಸಂಖ್ಯೆಯನ್ನು ಆರ್1 ರಿಜಿಸ್ಟರಿನಲ್ಲಿಟ್ಟು ಕರ್ನಲ್ಲಿಗೆ ಜಿಗಿಯುತ್ತಿತ್ತು, ಕರ್ನಲ್ ಹೊಂದುವ ಫೈಲನ್ನು ಹುಡುಕಿಕೊಳ್ಳುತ್ತಿತ್ತು. ಕೆಲಸವೇನೋ ಆಗುತ್ತಿತ್ತು. ಆದರೆ ಫೈ ವಿಳಾಸ 0 ಇದ್ದದ್ದು 3 ಆದರೆ ಕರ್ನಲ್ಲನ್ನೇ ಮತ್ತೆ ಕಂಪೈಲ್ ಮಾಡಬೇಕು. ಗ್ರಾಹಕರು ಹತ್ತಾದರೆ ಕರ್ನಲ್ಲುಗಳೂ ಹತ್ತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಸನ್ ಕಂಪನಿಯ ಮಿಚ್ ಬ್ರಾಡ್ಲಿ 1980ರ ದಶಕದ ಕೊನೆಯಲ್ಲೇ ಓಪನ್‌ಬೂಟ್ ಬರೆದು, ಹಾರ್ಡ್‌ವೇರ್ ವಿವರವನ್ನು ಮರದಂತೆ ಕವಲೊಡೆದ ದತ್ತಾಂಶವಾಗಿ ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುವ ಕ್ರಮ ತಂದಿದ್ದರು. ಅದು 1994ರಲ್ಲಿ ಐಇಇಇ 1275 ಮಾನಕವಾಯಿತು. ಲಿನಕ್ಸ್ ಲೋಕದಲ್ಲಿ ಪವರ್‌ಪಿಸಿಯವರು 2005ರ ಸುಮಾರಿಗೆ ಇದನ್ನು ಸರಳಗೊಳಿಸಿದರು. ಫರ್ಮ್‌ವೇರ್ ಅಷ್ಟು ಬುದ್ಧಿವಂತವಾಗಿರಬೇಕಿಲ್ಲ, ಮರವನ್ನು ಚಪ್ಪಟೆ ಮಾಡಿ ಒಂದು ಬೈನರಿ ತುಣುಕಾಗಿಸಿ ಮೆಮೊರಿಯಲ್ಲಿಟ್ಟರೆ ಸಾಕು ಎಂದರು ಬೆಂಜಮಿನ್ ಹೆರೆನ್‌ಸ್ಮಿಟ್. ಪಠ್ಯವನ್ನು ಆ ಬೈನರಿಗೆ ಇಳಿಸುವ ಡಿಟಿಸಿ ಕಂಪೈಲರ್ ಡೇವಿಡ್ ಗಿಬ್ಸನ್ ಅವರದು. ಆರ್ಮ್ ಬಳಗ ಮಾತ್ರ ಇನ್ನೂ ಆರು ವರ್ಷ ಬೋರ್ಡ್ ಫೈಲುಗಳಲ್ಲೇ ಕಾಲ ಹಾಕಿತು.

2011ರ ಮಾರ್ಚಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಸಿಡಿದರು. ಆಗ ಕೈಯಲ್ಲಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ಚಿಪ್ಪುಗಳ ಬದಲಾವಣೆಗಳು. ಆದರೆ ಅವರ ಸಿಟ್ಟು ಒಂದು ಕಂಪನಿಯ ಮೇಲಲ್ಲ, ಅರ್ಥವಿಲ್ಲದೆ ಬೆಳೆಯುತ್ತಿದ್ದ ಇಡೀ ಆರ್ಮ್ ಕೋಡಿನ ಮೇಲೆ. ಆ ಬೈಗುಳವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಫಲ ಮಾತ್ರ ಒಳ್ಳೆಯದಾಯಿತು. ಗ್ರಾಂಟ್ ಲೈಕ್ಲಿ ಮೊದಲಾದವರು ಮುಂಚೆಯೇ ಸಿದ್ಧಪಡಿಸುತ್ತಿದ್ದ ಈ ಮರ, ಅಂದರೆ ಡಿವೈಸ್ ಟ್ರೀ, ಆರ್ಮ್‌ಗೂ ರಾಜಮಾರ್ಗವಾಯಿತು. ಬೂಟ್‌ಲೋಡರ್ ಈಗ ಆರ್2ರಲ್ಲಿ ಮರದ ವಿಳಾಸ ಇಟ್ಟು ಹೊರಡುತ್ತದೆ, ಬೋರ್ಡ್ ಸಂಖ್ಯೆಗೆ ಬೆಲೆಯಿಲ್ಲ. 1985ರಿಂದ ಬೆಂಗಳೂರಿನಲ್ಲೂ ಇರುವ ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಎಂ335ಎಕ್ಸ್ ಚಿಪ್ಪಿನ ಈಥರ್ನೆಟ್ ಸ್ವಿಚ್ ಡ್ರೈವರ್ ಕರ್ನಲ್ ಸೇರಿದ್ದು ಈ ಸಂಧಿಕಾಲದಲ್ಲೇ, 2012ರಲ್ಲಿ. ಅದೇ ಚಿಪ್ಪಿನ ಬೀಗಲ್‌ಬೋನ್ ಹಲಗೆ ಹಿಡಿದು ಕರ್ನಲ್ ಕಲಿತ ಹುಡುಗರು ಮೊದಲು ಓದಿದ ನೆಟ್‌ವರ್ಕ್ ವಿವರ ಬಹುಶಃ ಅದೇ.

ಬಿಟಿಎಂ ಲೇಔಟಿನ ಐವೇವ್ ಬೋರ್ಡೊಂದರ ವಿವರ 2017ರಲ್ಲಿ ಕರ್ನಲ್ಲಿಗೆ ಬಂತು. ರೆನೆಸಾಸ್‌ನ ಆರ್‌ಝಡ್/ಜಿ1ಎಂ ಚಿಪ್ ಹೊತ್ತ ರೇನ್‌ಬೋ ಜಿ20ಡಿ. ವಿವರ ಬರೆದವರು ಐವೇವ್‌ನವರಲ್ಲ, ಚಿಪ್ ಮಾಡುವ ರೆನೆಸಾಸ್‌ನ ಎಂಜಿನಿಯರುಗಳು. ನನಗಿದು ಕೊಂಚ ಕಸಿವಿಸಿಯ ಸಂಗತಿ, ಬೋರ್ಡನ್ನು ಬಲ್ಲವರು ಇಲ್ಲೇ ಇದ್ದರಲ್ಲ. ಫೈಲಿನ ರಚನೆ ನೋಡಿದರೆ ಮರದ ಸೊಗಸು ತಿಳಿಯುತ್ತದೆ. ಚಿಪ್ಪಿಗೊಂದು ಫೈಲ್, ಅದರ ಮೇಲೆ ಮಾಡ್ಯೂಲಿಗೊಂದು, ಅದನ್ನು ಹೊತ್ತ ದೊಡ್ಡ ಬೋರ್ಡಿಗೊಂದು. ಒಂದೇ ಮಾಡ್ಯೂಲನ್ನು ನಾಳೆ ಇನ್ನೊಂದು ಬೋರ್ಡಿಗೆ ಚುಚ್ಚಿದರೆ ಕೊನೆಯದನ್ನಷ್ಟೇ ಹೊಸದಾಗಿ ಬರೆಯಬೇಕು. ಈಥರ್ನೆಟ್ಟಿನ ಭಾಗ ಹತ್ತು ಸಾಲು ಚಿಲ್ಲರೆ: ಯಾವ ಪಿನ್ನುಗಳು, ಫೈ ವಿಳಾಸ 3, ಮ್ಯಾಕ್ ಮತ್ತು ಫೈ ನಡುವಿನ ಸಂಪರ್ಕ ಜಿಎಂಐಐ ರೀತಿಯದು, ಫೈ ದೀಪಗಳು ಬೆಳಗುವ ಬಗೆ ಇಂಥದು. ವಿದ್ಯುತ್ ಜಾಲಗಳಂಥ ಮೂಲಸೌಕರ್ಯಕ್ಕೆ ದೀರ್ಘಾಯುಷ್ಯದ ಲಿನಕ್ಸ್ ಕೊಡಲು 2016ರಲ್ಲಿ ಹುಟ್ಟಿದ ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲಾಟ್‌ಫಾರ್ಮ್ ಯೋಜನೆ ಈ ಬೋರ್ಡನ್ನು ತನ್ನ ಪರೀಕ್ಷಾ ಬೋರ್ಡುಗಳಲ್ಲಿ ಒಂದಾಗಿ ಆರಿಸಿಕೊಂಡಿತು. ಆ ಯೋಜನೆ ಒಂದು ಕರ್ನಲ್ಲನ್ನು ಕನಿಷ್ಠ 10 ವರ್ಷ ಸಾಕುತ್ತದೆ.

ಡ್ರೈವರ್ ಎಷ್ಟು ಸಲ ಬದಲಾದರೂ ಬೋರ್ಡಿನ ವಿವರ ಹಾಗೇ ನಿಲ್ಲಬೇಕು ಎಂಬ ನಿಯಮಕ್ಕೆ ಬೆಲೆ ಬರುವುದು ಇಲ್ಲಿ. ಹತ್ತು ವರ್ಷ ಬಾಳುವ ವಿವರ ಹಾರ್ಡ್‌ವೇರನ್ನು ಹೇಳಬೇಕು, ಇವತ್ತಿನ ಡ್ರೈವರಿಗೆ ಹಿತವಾದುದನ್ನಲ್ಲ. ಎಷ್ಟೋ ಬೋರ್ಡುಗಳ ವಿವರ ಓದಿದರೆ ನನಗೆ ಅನಿಸುವುದು, ಬರೆದವರು ಪಿಂಗ್ ಹೋದ ಕೂಡಲೇ ಕೈ ತೊಳೆದುಕೊಂಡಿದ್ದಾರೆ ಎಂದು.

ಮನೆಯ ವೈಫೈ ರೂಟರುಗಳ ಕಥೆ ಬೇಗ ಹೇಳಿ ಮುಗಿಸಬಹುದು. ಅವುಗಳೊಳಗಿನ ಸ್ವಿಚ್ಚನ್ನು ಕರ್ನಲ್‌ನ ಸಾಮಾನ್ಯ ನೆಟ್‌ವರ್ಕ್ ಪೋರ್ಟುಗಳಂತೆ ಕಾಣಿಸುವ ಡಿಎಸ್‌ಎ ವ್ಯವಸ್ಥೆ 2008ರಲ್ಲೇ ಬಂದಿತ್ತು. ರೂಟರುಗಳ ಲಿನಕ್ಸ್ ಆದ ಓಪನ್‌ಡಬ್ಲ್ಯೂಆರ್‌ಟಿ ತನ್ನ 21.02 ಆವೃತ್ತಿಯಲ್ಲಿ ಅದನ್ನು ಅಪ್ಪಿಕೊಳ್ಳತೊಡಗಿ, ಬೋರ್ಡ್ ಫೈಲ್ ಕಾಲದ ಹಳೆಯ ಅಥೆರೋಸ್ ಚಿಪ್ಪುಗಳ ಶಾಖೆಯನ್ನು ಕೈಬಿಟ್ಟಿತು. ಎರಡು ಚಿಪ್ಪುಗಳ ನಡುವೆ ಫೈಯೇ ಇಲ್ಲದಿದ್ದರೆ 'ಫಿಕ್ಸ್‌ಡ್ ಲಿಂಕ್' ಎಂದು ವೇಗವನ್ನೇ ಬರೆದುಬಿಡುವುದು ರೂಢಿ.

ವಿವರಗಳಿಗೂ ವ್ಯಾಕರಣ ಬೇಕಾಯಿತು. ಯಾವ ಸಾಧನಕ್ಕೆ ಯಾವ ಗುಣಗಳನ್ನು ಬರೆಯಬೇಕು ಎಂಬ ಒಪ್ಪಂದಗಳು ಬಹುಕಾಲ ಸಾದಾ ಪಠ್ಯದಲ್ಲಿದ್ದವು. ಓದಿದವರು ಓದಿದರು, ಬಿಟ್ಟವರು ಬಿಟ್ಟರು. ರಾಬ್ ಹೆರಿಂಗ್ ಮುಂದಾಳತ್ವದಲ್ಲಿ 2019ರ ಆಸುಪಾಸಿನಿಂದ ಅವು ಯಂತ್ರ ಓದುವ ಯಾಮಲ್ ರೂಪಕ್ಕೆ ಬರತೊಡಗಿದವು. ಕಾಗುಣಿತ ತಪ್ಪಿದರೆ ಈಗ ಉಪಕರಣವೇ ಹಿಡಿಯುತ್ತದೆ, ಸುಳ್ಳು ಹೇಳಿದರೆ ಮಾತ್ರ ಹಿಡಿಯಲಾರದು.

ಆ ಸುಳ್ಳು ಹೆಚ್ಚು ಅಡಗಿದ್ದದ್ದು ಮ್ಯಾಕ್ ಮತ್ತು ಫೈಯನ್ನು ಜೋಡಿಸುವ ಆರ್‌ಜಿಎಂಐಐ ತಂತಿಗಳಲ್ಲಿ. ಗಿಗಾಬಿಟ್ ವೇಗದಲ್ಲಿ ಮ್ಯಾಕ್ ಮತ್ತು ಫೈ ನಡುವಿನ ಗಡಿಯಾರ 125 ಮೆಗಾಹರ್ಟ್ಸ್, ಅಂದರೆ ಒಂದು ಸುತ್ತಿಗೆ 8 ನ್ಯಾನೋಸೆಕೆಂಡ್. ಗಡಿಯಾರದ ಎರಡೂ ಅಂಚಿನಲ್ಲಿ ದತ್ತಾಂಶ ಸಾಗುವುದರಿಂದ ಒಂದು ಬಿಟ್‌ಗೆ ಸಿಗುವುದು 4 ನ್ಯಾನೋಸೆಕೆಂಡ್. ಅದರ ನಡುಮಧ್ಯದಲ್ಲಿ ಓದಬೇಕಾದರೆ ಗಡಿಯಾರ ಸುಮಾರು 2 ನ್ಯಾನೋಸೆಕೆಂಡ್ ತಡವಾಗಿ ಬರಬೇಕು. ಈ ತಡವನ್ನು ಮ್ಯಾಕ್ ಕೊಡಬಹುದು, ಫೈ ಕೊಡಬಹುದು, ಬೋರ್ಡಿನ ಮೇಲೆ ಗಡಿಯಾರದ ಗೆರೆಯನ್ನು ಹಾವಿನಂತೆ ಸುತ್ತಿಸಿಯೂ ಕೊಡಬಹುದು. ಇಬ್ಬರು ಕೊಟ್ಟರೂ ಯಾರೂ ಕೊಡದಿದ್ದರೂ ಪ್ಯಾಕೆಟ್ಟುಗಳು ಕೆಡುತ್ತವೆ.

2019ರಲ್ಲಿ ಅಥೆರೋಸ್ ಫೈ ಡ್ರೈವರನ್ನು, ವಿವರದಲ್ಲಿ ಬರೆದಿದ್ದನ್ನೇ ನಿಷ್ಠೆಯಿಂದ ಪಾಲಿಸುವಂತೆ ತಿದ್ದಿದರು. ಕೆಲವು ಬೋರ್ಡುಗಳ ನೆಟ್‌ವರ್ಕ್ ನಿಂತೇಹೋಯಿತು. ಎಎಂ335ಎಕ್ಸ್‌ನ ಪರೀಕ್ಷಾ ಬೋರ್ಡೂ ಅವುಗಳಲ್ಲೊಂದು. ಅದರ ವಿವರದಲ್ಲಿ ಕಳುಹಿಸುವ ದಿಕ್ಕಿಗೆ ಮಾತ್ರ ತಡ ಎಂದು ಬರೆದಿತ್ತು. ಬೇಕಿದ್ದದ್ದು ಎರಡೂ ದಿಕ್ಕಿಗೆ. ಹಳೆಯ ಡ್ರೈವರ್ ವಿವರವನ್ನು ಪೂರ್ತಿ ಪಾಲಿಸದೆ ಇದ್ದುದರಿಂದ ತಪ್ಪು ವರ್ಷಗಟ್ಟಲೆ ಸರಿಯಂತೆ ಓಡಿತ್ತು. ಕೊನೆಗೆ ತಿದ್ದಿದ್ದು ವಿವರವನ್ನೇ.

2025ರಲ್ಲಿ ಈಥರ್ನೆಟ್ ಒಪ್ಪಂದದ ಪಠ್ಯವನ್ನು ಮತ್ತೆ ಬರೆದು ಸ್ಪಷ್ಟಪಡಿಸಿದರು: ತಡ ಯಾವ ದಿಕ್ಕಿಗೆಂದು ತಿಳಿಸಲು ವಿವರದಲ್ಲಿ 'ಆರ್‌ಜಿಎಂಐಐ' ಪದಕ್ಕೆ ಅಂಟಿಸುವ ಬಾಲದ ಅಕ್ಷರಗಳು ಹೇಳುವುದು ಬೋರ್ಡಿನ ತಾಮ್ರದ ಗೆರೆಗಳು ತಡ ಕೊಡುತ್ತವೆಯೋ ಇಲ್ಲವೋ ಎಂಬುದನ್ನು. ಗೆರೆ ಕೊಡದಿದ್ದರೆ ಮ್ಯಾಕ್ ಕೊಡಬೇಕೋ ಫೈ ಕೊಡಬೇಕೋ ಎಂಬುದು ಡ್ರೈವರುಗಳ ನಡುವಿನ ವ್ಯವಹಾರ. ಹೀಗಾಗಿ ಆ ಒಂದು ಪದ ಬರೆಯುವವರು ಈಗ ಪಿಂಗ್ ಹೋಗುತ್ತದೆಯೇ ಎಂದು ನೋಡುವ ಮೊದಲು ಲೇಔಟ್ ಎಂಜಿನಿಯರನ್ನು ಹುಡುಕಿಕೊಂಡು ಹೋಗಿ ಗೆರೆಯ ಉದ್ದ ಕೇಳಬೇಕು.