ಮಧುಮೇಹವೂ ಕೀಲುಗಳ ಬಿಗಿತವೂ

ಮಧುಮೇಹವು ಪ್ರಾಚೀನವಾದ ವ್ಯಾಧಿ. ಸುಶ್ರುತಸಂಹಿತೆಯು ಪ್ರಮೇಹವನ್ನು ಸಹಜವೆಂದೂ ಅಪಥ್ಯದಿಂದ ಹುಟ್ಟಿದುದೆಂದೂ ವಿಂಗಡಿಸಿ, ಸಹಜಪ್ರಮೇಹಿಯು ಕೃಶನಾಗಿರುವನೆಂದು ಹೇಳುತ್ತದೆ. ಆದರೆ ಬಹುಮಟ್ಟಿಗೆ ಎಳೆಯ ವಯಸ್ಸಿನಲ್ಲಿ ತಲೆದೋರುವ, ಈಗ ಒಂದನೆಯ ಬಗೆಯದೆಂದು ಹೆಸರಾದ ಮಧುಮೇಹವು ಬಹುಕಾಲದ ಮೇಲೆ ಕೀಲುಗಳನ್ನು ಬಾಧಿಸುವುದೆಂಬ ಸಂಗತಿಯು ಹಿಂದಿನವರಿಗೆ ಗೋಚರವಾಗುವಂತಿರಲಿಲ್ಲ. ರೋಗಿಯು ಅಷ್ಟು ಕಾಲ ಬದುಕುತ್ತಿರಲಿಲ್ಲವೆಂಬುದೇ ಇದಕ್ಕೆ ಕಾರಣ.

೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕಾಂಗದಿಂದ ಇನ್ಸುಲಿನ್ ಎಂಬ ಸತ್ತ್ವವನ್ನು ತೆಗೆದರು. ೧೯೨೨ರ ಜನವರಿಯಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿದ್ದ ೧೪ ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದರು. ಶುದ್ಧಿಯಿಲ್ಲದ ಮೊದಲ ಮದ್ದು ಫಲಕಾರಿಯಾಗಲಿಲ್ಲ. ಕೊಲಿಪ್ ಎಂಬ ರಸಾಯನಜ್ಞರು ಶುದ್ಧಿಗೊಳಿಸಿದ ಮೇಲೆ ಬಾಲಕನು ಚೇತರಿಸಿಕೊಂಡನು. ಅಲ್ಲಿಯವರೆಗೆ ಅರೆಹೊಟ್ಟೆಯ ಪಥ್ಯದಲ್ಲಿ ಸವೆಯುತ್ತಿದ್ದ ಮಕ್ಕಳು ಅಂದಿನಿಂದ ಪ್ರೌಢರಾಗಿ ಬಾಳತೊಡಗಿದರು.

ಆಯುಸ್ಸು ಬೆಳೆದಂತೆ ವ್ಯಾಧಿಯ ಬೇರೆ ಮುಖಗಳು ತೋರಿಬಂದುವು. ನರಗಳು ಕೆಟ್ಟು ಕೀಲು ಕುಸಿಯುವುದನ್ನು ಫ್ರಾನ್ಸಿನ ಶಾರ್ಕೋ ೧೮೬೮ರಲ್ಲಿಯೇ ಬೇರೊಂದು ರೋಗದಲ್ಲಿ ವರ್ಣಿಸಿದ್ದರು. ೧೯೩೬ರಲ್ಲಿ ಜೋರ್ಡನ್ ಎಂಬ ವೈದ್ಯರು ಅದನ್ನು ಮಧುಮೇಹಿಯಲ್ಲಿ ಗುರುತಿಸಿದರು. ಬಹುಕಾಲದ ಮಧುಮೇಹಿಗಳ ಕೈಗಳು ಬಿಗಿಯುವುದನ್ನು ೧೯೫೭ರಲ್ಲಿ ಡೆನ್ಮಾರ್ಕಿನ ಲುಂಡ್‌ಬೆಕ್ ವಿವರಿಸಿದರು. ೧೯೭೪ರಲ್ಲಿ ಅಮೆರಿಕದ ರೋಸೆನ್‌ಬ್ಲೂಮ್ ಮತ್ತು ಫ್ರಿಯಾಸ್ ಎಳೆಯರಲ್ಲಿಯೂ ಅಂತಹ ಬಿಗಿತವನ್ನು ಕಂಡರು.

ಈ ಬಿಗಿತವು ಸಾಮಾನ್ಯವಾಗಿ ಕಿರುಬೆರಳಿನಲ್ಲಿ ಮೊದಲಾಗಿ ಹೆಬ್ಬೆರಳಿನ ಕಡೆಗೆ ಹರಡುವುದು. ನೋವು ಬಹುಮಟ್ಟಿಗೆ ಇರದ ಕಾರಣ ರೋಗಿಯ ಗಮನಕ್ಕೆ ಬಾರದು. ಕೈಮುಗಿಯುವಾಗ ಬೆರಳುಗಳು ಒಂದಕ್ಕೊಂದು ಪೂರ್ತಿಯಾಗಿ ಕೂಡದೆ ನಡುವೆ ಸಂದು ಉಳಿಯುವುದೇ ಇದರ ಗುರುತು. ವೈದ್ಯರು ಇದನ್ನು ಪ್ರಾರ್ಥನೆಯ ಚಿಹ್ನೆಯೆಂದು ಕರೆಯುತ್ತಾರೆ. ರಕ್ತದಲ್ಲಿ ಮಿಗಿಲಾದ ಸಕ್ಕರೆಯು ಚರ್ಮ ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಎಂಬ ತಂತುಗಳಿಗೆ ಅಂಟಿ, ಅವುಗಳನ್ನು ಒಂದಕ್ಕೊಂದು ಬೆಸೆದು ಪೆಡಸುಗೊಳಿಸುವುದು ಇದಕ್ಕೆ ಮುಖ್ಯ ಕಾರಣವೆಂದು ಎಣಿಸಲಾಗಿದೆ.

ಅಮೆರಿಕ ಕೆನಡಾಗಳಲ್ಲಿ ೧೯೮೩ರಲ್ಲಿ ಆರಂಭವಾದ ದೊಡ್ಡ ಪರಿಶೀಲನೆಗೆ ಸೇರಿದ್ದ ೧,೨೧೭ ರೋಗಿಗಳ ಕೈಭುಜಗಳನ್ನು ಪರೀಕ್ಷಿಸಿದ ವರದಿಯು ೨೦೧೪ರಲ್ಲಿ ಪ್ರಕಟವಾಯಿತು. ಭುಜ ಹಿಡಿಯುವುದು, ಮಣಿಕಟ್ಟಿನಲ್ಲಿ ನರವು ಅದುಮಲ್ಪಡುವುದು, ಬೆರಳು ಸಿಕ್ಕಿಕೊಳ್ಳುವುದು ಮೊದಲಾದ ಬಾಧೆಗಳಲ್ಲಿ ಒಂದಾದರೂ ನೂರಕ್ಕೆ ೬೬ ಮಂದಿಯಲ್ಲಿತ್ತು. ವ್ಯಾಧಿಯ ಅವಧಿಯೊಡನೆಯೂ ರಕ್ತದ ಸಕ್ಕರೆಯ ಪ್ರಮಾಣದೊಡನೆಯೂ ಇದಕ್ಕೆ ಸಂಬಂಧವುಂಟೆಂದು ತಿಳಿದುಬಂದಿತು.

ಮದ್ದೇ ಈ ಬಾಧೆಯನ್ನು ತಂದಿತೆಂದು ಭಾವಿಸುವುದು ಸರಿಯಲ್ಲ. ಮದ್ದು ಆಯುಸ್ಸನ್ನು ಕೊಟ್ಟಿತು. ಆಯುಸ್ಸು ವ್ಯಾಧಿಯ ಉಳಿದ ಭಾಗವನ್ನು ತೋರಿಸಿತು. ಕಣ್ಣು, ಮೂತ್ರಪಿಂಡ, ಪಾದಗಳನ್ನು ನೋಡುವ ವೈದ್ಯನು ರೋಗಿಗೆ ಒಮ್ಮೆ ಕೈಮುಗಿಯುವಂತೆ ಹೇಳುವುದೂ ಆವಶ್ಯಕ. ದಿನದಿನವೂ ಇನ್ಸುಲಿನ್ನನ್ನು ಚುಚ್ಚಿಕೊಳ್ಳಬೇಕಾದುದು ಆ ಬೆರಳುಗಳಿಂದಲೇ.