ಬಣ್ಣದ ಮರ: ಕಲೆಯೋ ಕಪಟವೋ?

ಅಗ್ಗದ ಹಲಗೆಗೆ ತಿಳಿಬಣ್ಣ ಬಳಿದು, ಅದೊಣಗಿದ ಮೇಲೆ ಗಾಢವರ್ಣದ ತೆಳುಲೇಪವನ್ನು ಹಚ್ಚಿ, ಹಸಿಯಿರುವಾಗಲೇ ಬಾಚಣಿಗೆ ಕುಂಚಗಳನ್ನೆಳೆದು ಓಕ್ ಮರದ ಎಳೆಗಳನ್ನು ಮೂಡಿಸುವ ಕಸಬು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಚ್ಛ್ರಾಯಕ್ಕೇರಿತು. ಒಂದು ವಸ್ತುವನ್ನು ಮತ್ತೊಂದಾಗಿ ತೋರಿಸುವ ಇಂತಹ ಬಣ್ಣಗಾರಿಕೆಯನ್ನು ಜಾನ್ ರಸ್ಕಿನ್ 1849ರ ತನ್ನ ವಾಸ್ತುಗ್ರಂಥದಲ್ಲಿ ವಂಚನೆಯೆಂದು ಖಂಡಿಸಿದನು. ಎರಡೇ ವರ್ಷಗಳ ತರುವಾಯ, ಲಂಡನ್ನಿನ ಮಹಾಪ್ರದರ್ಶನದಲ್ಲಿ ಥಾಮಸ್ ಕರ್ಷಾ ಎಂಬ ಬಣ್ಣಗಾರನು ಇದೇ ಕೆಲಸಕ್ಕೆ ಪದಕ ಪಡೆದನು.

1930ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಮರದ ಸ್ಥಾನವನ್ನು ಉಕ್ಕು ಆಕ್ರಮಿಸುತ್ತಿದ್ದಾಗ, ಕಿಟಕಿಯ ಉಕ್ಕಿನ ಚೌಕಟ್ಟುಗಳ ಮೇಲೂ ಬಣ್ಣದ ಮರದೆಳೆಗಳು ಮೂಡಿದವು. ಮುಟ್ಟಿದೊಡನೆ ತಣ್ಣಗೆನಿಸುವ ಆ ಉಕ್ಕಿನಿಂದ ಮೋಸಹೋದವರಾರು? ಮರೆಯಾಗುತ್ತಿದ್ದ ಮರದ ನೆನಪನ್ನು ಕಾಯ್ದ ಈ ಕೆಲಸವನ್ನು ಕಪಟವೆನ್ನುವುದು ನ್ಯಾಯವಲ್ಲ. ಹಳೆಯ ಕಾರು ಬಾಗಿಲುಗಳನ್ನು ಜೀರ್ಣೋದ್ಧಾರ ಮಾಡುವವರು ಅದನ್ನು ಬರಿಯ ಬಣ್ಣವೆಂದು ಕೆರೆದುಹಾಕಬಾರದು.