ನಡುವನ್ನು ತೆಗೆದು ಬದಿಗಳನ್ನು ಉಳಿಸಿದ ಕಥೆ

ಸದಾಶಿವ ಪೇಠದ ನಮ್ಮ ವಾಡೆಯಲ್ಲಿ ಗದುಗಿನ ಕಡೆಯ ಹಿರಿಯರೊಬ್ಬರಿದ್ದಾರೆ. ನಮಗೆಲ್ಲ ಅವರು ಕಾಕಾ. ಹೋದ ವರ್ಷ ಅವರ ಯಕೃತ್ತಿನ ನಟ್ಟನಡುವೆ ಏಡಿಗಂತಿ, ಅಂದರೆ ಕ್ಯಾನ್ಸರ್, ಕಾಣಿಸಿಕೊಂಡಿತು. ನಡುವಿನ ಭಾಗವನ್ನಷ್ಟೇ ತೆಗೆಯೋಣವೆಂದರು ಶಸ್ತ್ರವೈದ್ಯರು. ಆ ಸಂಜೆ ಕಾಕು ನನ್ನನ್ನು ಕರೆದು, "ನಡುವಿಂದು ತಗದು ಎರಡೂ ಕಡೀದು ಹ್ಯಾಂಗ ಉಳಸ್ತಾರೋ ತಮ್ಮಾ? ನೀ ಸಾಯನ್ಸ್ ಓದಿದಾಂವ, ಹೇಳು" ಎಂದರು. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದ ನನಗೆ ಉತ್ತರ ತಿಳಿದಿರಲಿಲ್ಲ. ಬಳಿಕ ಓದಿ ತಿಳಿದುದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇನೆ.

ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು ರಕ್ತ ಅದರೊಳಗೆ ಹರಿಯುತ್ತದೆ. ಕತ್ತಿ ತಗುಲಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಆದುದರಿಂದ ಶಸ್ತ್ರವೈದ್ಯರು ಬಹುಕಾಲ ಅದರ ತಂಟೆಗೇ ಹೋಗಲಿಲ್ಲ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಯಕೃತ್ತಿನ ಒಂದು ತುಂಡನ್ನು ತೆಗೆದು ರೋಗಿಯನ್ನು ಉಳಿಸಿದ ವರದಿ ಪ್ರಕಟವಾದದ್ದು 1888ರಲ್ಲಿ. ಆಗಲೂ ರಕ್ತಸ್ರಾವ ನಿಲ್ಲಿಸಲು ಹೊಟ್ಟೆಯನ್ನು ಮತ್ತೊಮ್ಮೆ ತೆರೆಯಬೇಕಾಯಿತು. 1908ರಲ್ಲಿ ಗ್ಲಾಸ್ಗೊ ನಗರದ ಹೋಗಾರ್ತ್ ಪ್ರಿಂಗಲ್, ಯಕೃತ್ತಿಗೆ ರಕ್ತ ತರುವ ನಾಳಗಳನ್ನು ಸ್ವಲ್ಪ ಹೊತ್ತು ಬೆರಳುಗಳಲ್ಲಿ ಅದುಮಿ ಹಿಡಿಯುವ ಉಪಾಯವನ್ನು ತೋರಿಸಿದರು.

ಇನ್ನು, ಎಲ್ಲಿ ಕತ್ತರಿಸಬೇಕೆಂಬ ನಕ್ಷೆ ಬೇಕಾಗಿತ್ತು. ಯಕೃತ್ತಿನ ಎಡಬಲಗಳು ಹೊರನೋಟಕ್ಕೆ ಬೇರೆಯಾಗುವ ಜಾಗ ಒಂದು, ಒಳಗಿನ ನಾಳಗಳು ಬೇರೆಯಾಗುವ ಜಾಗ ಇನ್ನೊಂದು ಎಂದು 1897ರಲ್ಲಿ ತೋರಿಸಿದವರು ಜೇಮ್ಸ್ ಕ್ಯಾಂಟ್ಲಿ. ಹಾಂಕಾಂಗಿನಲ್ಲಿ ಸನ್ ಯಾತ್ ಸೆನ್ನರಿಗೆ ವೈದ್ಯ ಕಲಿಸಿದ ಗುರು ಇವರೇ. 1930ರ ದಶಕದಲ್ಲಿ ಹನೋಯಿಯ ತೋನ್ ಥತ್ ತುಂಗ್ ಇನ್ನೂರಕ್ಕೂ ಹೆಚ್ಚು ಶವಗಳ ಯಕೃತ್ತುಗಳನ್ನು ಬಿಡಿಸಿ ನಾಳಗಳನ್ನು ಅಭ್ಯಾಸ ಮಾಡಿದರು. ಮೆದು ಭಾಗವನ್ನು ಬೆರಳಿನಿಂದ ಹಿಸುಕಿ ಸರಿಸಿ, ಉಳಿದ ನಾಳಗಳನ್ನು ಒಂದೊಂದಾಗಿ ಕಟ್ಟುವ ಕ್ರಮ ಅವರದು. 1957ರಲ್ಲಿ ಪ್ಯಾರಿಸಿನ ಕ್ಲೋದ್ ಕ್ವಿನೋ ಯಕೃತ್ತನ್ನು ಎಂಟು ಖಂಡಗಳಾಗಿ ವಿಂಗಡಿಸಿದರು. ಪ್ರತಿ ಖಂಡಕ್ಕೂ ರಕ್ತ ತರುವ, ಪಿತ್ತ ಒಯ್ಯುವ ಕವಲುಗಳು ಬೇರೆ ಬೇರೆ.

ನಮ್ಮ ಪುಣೆಯದೇ ಉದಾಹರಣೆ ಕೊಡಬಹುದು. ಪೇಶ್ವೆಯವರ ಕಾಲದಲ್ಲಿ ಕಾತ್ರಜದ ಕೆರೆಯ ನೀರು ನೆಲದೊಳಗಿನ ಕಾಲುವೆಯಲ್ಲಿ ಬಂದು ಪೇಠೆಗಳ ತೊಟ್ಟಿಗಳಿಗೆ ಹಂಚಿಹೋಗುತ್ತಿತ್ತು. ಒಂದು ತೊಟ್ಟಿಯ ಕವಲನ್ನು ಮುಚ್ಚಿದ ಮಾತ್ರಕ್ಕೆ ಉಳಿದ ತೊಟ್ಟಿಗಳು ಬತ್ತಬೇಕಾಗಿಲ್ಲ. ಯಕೃತ್ತಿನ ಖಂಡಗಳೂ ಹಾಗೆಯೇ.

ಆದರೆ ನಡುವಿನ ಗಂತಿ ಎಡಬಲಗಳ ಗಡಿಯ ಮೇಲೆಯೇ ಕುಳಿತಿರುತ್ತದೆ. ಗಡಿಯ ತಂಟೆ ನಮಗೆ ಹೊಸದಲ್ಲವಷ್ಟೆ! ಇಂಥ ಗಂತಿಗೆ ನಡುವಿನೊಡನೆ ಒಂದು ಬದಿಯನ್ನೂ ಪೂರ್ತಿ ತೆಗೆಯುವುದು ವಾಡಿಕೆಯಾಗಿತ್ತು. ಕೆಲವೊಮ್ಮೆ ಮುಕ್ಕಾಲು ಯಕೃತ್ತೇ ಹೋಗುತ್ತಿತ್ತು. ಆರೋಗ್ಯದ ಯಕೃತ್ತಾದರೆ ಸೇಕಡಾ 25-30ರಷ್ಟು ಉಳಿದರೂ ಬೆಳೆದು ಕೆಲಸ ನಡೆಸೀತು. ಆದರೆ ಯಕೃತ್ತಿನಲ್ಲೇ ಹುಟ್ಟುವ ಏಡಿಗಂತಿ ಹೆಚ್ಚಾಗಿ ಬರುವುದು ಕಾಮಾಲೆಯ ವೈರಸ್ಸಿನಿಂದಲೋ ಮದ್ಯದಿಂದಲೋ ಗಟ್ಟಿಕಟ್ಟಿದ ಯಕೃತ್ತಿಗೆ. ಅಂಥದರಲ್ಲಿ ಸೇಕಡಾ 40ರಷ್ಟಾದರೂ ಉಳಿಯಬೇಕು. ಇಲ್ಲವಾದರೆ ಗಂತಿ ಹೋದರೂ ರೋಗಿ ಉಳಿಯುವುದಿಲ್ಲ.

1972ರಲ್ಲಿ ಅಮೆರಿಕದ ಮೆಕ್‌ಬ್ರೈಡ್ ಮತ್ತು ವಾಲೇಸ್ ನಡುಭಾಗವನ್ನಷ್ಟೇ ತೆಗೆಯುವ ಕ್ರಮವನ್ನು ವರದಿ ಮಾಡಿದರು. ಕ್ವಿನೋ ನಕ್ಷೆಯ 4, 5 ಮತ್ತು 8ನೆಯ ಖಂಡಗಳೇ ಈ ನಡುಭಾಗ. ಕೆಲಸವೇನೋ ಸುಲಭದ್ದಲ್ಲ. ಕತ್ತರಿಸಿದ ಮುಖ ಒಂದಲ್ಲ, ಎರಡು. ರಕ್ತವೂ ಪಿತ್ತವೂ ಸೋರುವ ಭಯ ಅಷ್ಟೇ ಹೆಚ್ಚು. ಮುಂದೆ ಜಪಾನಿನ ಮಸಾತೋಶಿ ಮಾಕುಚಿ, ಹೊಟ್ಟೆ ತೆರೆದಿರುವಾಗಲೇ ಯಕೃತ್ತಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ಒಳಗಿನ ನಾಳಗಳನ್ನು ನೋಡುತ್ತ ಕತ್ತರಿಸುವುದನ್ನು ರೂಢಿಗೆ ತಂದರು. ನಕ್ಷೆಯಲ್ಲಿದ್ದುದು ಕಣ್ಣೆದುರಿಗೇ ಬಂತು.

ಕಾಕಾ ಎರಡು ವಾರದ ಮೇಲೆ ಮನೆಗೆ ಬಂದರು. ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಗಂತಿ ಮರಳೀತೆಂಬ ಅಂಜಿಕೆ ಇದ್ದೇ ಇದೆ. ಮೊನ್ನೆ ಕಾಕುವಿಗೆ ಕಾತ್ರಜದ ನೀರಿನ ಕಥೆ ಹೇಳಿದೆ. "ಹಂಗಂದ್ರ ತಗಿಯೂದಕ್ಕಿಂತ ಉಳಸೂದು ದೊಡ್ಡ ವಿದ್ಯಾ ಅನ್ನು" ಎಂದು ಕಾಕಾನಿಗೆ ಗಂಜಿ ಬಡಿಸಲು ಎದ್ದರು.

ಕೊನೆಗೊಂದು ಮಾತು. ಹೆಪಟೈಟಿಸ್ ಬಿ ಲಸಿಕೆ 2011ರಿಂದ ದೇಶದೆಲ್ಲೆಡೆ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿದೆ. ನಮ್ಮ ಮನೆಗಳಲ್ಲಿ ಹುಟ್ಟುವ ಕೂಸುಗಳಿಗೆ 24 ಗಂಟೆಯೊಳಗೆ ಅದನ್ನು ತಪ್ಪದೆ ಹಾಕಿಸೋಣ.